ಪುಕ್ಕಟೆ ಮಾತಿನ ಪೆಟ್ಟಿಗೆ

ನನ್ನ ಮಗಳನ್ನು ಗಿಣಿ ಎಂದು ಮೊದಲು ಕರೆದವಳು ನನ್ನ ಅಮ್ಮ. ಹುಟ್ಟಿದ ಗಳಿಗೆಯಲ್ಲಿ ಮಗಳು ಆಸ್ಪತ್ರೆಯ ಆ ತುದಿಗೂ ಕೇಳುವ ಹಾಗೆ ಕಿರುಚಿದ್ದಳು. ‘ಇದು ಗಿಣಿ ಕಣೆ, ನಿನ್ನ ಕಿವಿ ತೂತು ಮಾಡುತ್ತೆ ನೋಡ್ತಿರು’ ಎಂದು ಅಮ್ಮ ನಕ್ಕಳು. ಮೂರು ವರ್ಷವಾದರೂ ಅವಳಿಗೆ ಮಾತು ಬಾರದಿದ್ದಾಗ ನೆಂಟರು ಆ ಹೆಸರು ಹೇಳಲು ಹಿಂಜರಿದರು. ನಾನು ಮಾತ್ರ ಬಿಡಲಿಲ್ಲ. ಈಗ ಅವಳಿಗೆ ಒಂಬತ್ತು. ಕಿವಿ ಚೆನ್ನಾಗಿ ಕೇಳುತ್ತದೆ, ತಲೆ ನನಗಿಂತ ಚುರುಕು. ನಾಲಿಗೆ, ತುಟಿ ಮಾತ್ರ ಅವಳ ಅಂಕೆಯಲ್ಲಿಲ್ಲ. ಅವಳು ಮಾತಾಡುವುದು ಬೆರಳಿನಲ್ಲಿ.

ಅವಳ ಮಾತೆಲ್ಲ ಒಂದು ಟ್ಯಾಬ್‌ನೊಳಗಿದೆ. ನೋಟ್‌ಬುಕ್ಕಿನಷ್ಟು ಪರದೆ, ಅದರ ತುಂಬ ಚಿತ್ರದ ಗುಂಡಿಗಳು. ಒಂದನ್ನು ಒತ್ತಿದರೆ ಒಂದು ಮಾತು. ನಾಲ್ಕು ವರ್ಷದ ಹಿಂದೆ ನನ್ನ ತಮ್ಮ ಎಲ್ಲಿಂದಲೋ ಒಂದು ಹಳೇ ಟ್ಯಾಬ್ ತಂದು ಅದರಲ್ಲಿ ಈ ಪ್ರೋಗ್ರಾಂ ಹಾಕಿಕೊಟ್ಟ. ಅವನು ಲಿಫ್ಟ್ ರಿಪೇರಿ ಮಾಡುವವನು. ಹತ್ತು ಮಹಡಿ ಹತ್ತಿ ಇಳಿಯುವ ಯಂತ್ರವೇ ನಾನು ಹೇಳಿದ ಹಾಗೆ ಕೇಳುತ್ತದೆ, ಇದೆಷ್ಟರದು ಎನ್ನುವ ಜಾತಿ.

‘ಅಕ್ಕ, ಇದು ಪುಕ್ಕಟೆ ಸಾಫ್ಟ್‌ವೇರ್. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಬಿಟ್ಟಿದಾರೆ. ಯಾರು ಬೇಕಾದ್ರೂ ತಗೋಬಹುದು.’

‘ಪುಕ್ಕಟೆ ಯಾಕೆ ಕೊಡ್ತಾರೆ?’

‘ಒಳ್ಳೇದು ಮಾಡೋರೂ ಇರ್ತಾರಕ್ಕ.’

‘ಇರ್ತಾರೆ. ನಮ್ಮ ವಿಳಾಸ ಅವರಿಗೆ ಹೇಗೆ ಸಿಕ್ತು ಅಂತ ಕೇಳ್ತಿದೀನಿ.’

ಅವನು ಹಣೆ ಚಚ್ಚಿಕೊಂಡ.

ಪ್ರೋಗ್ರಾಂನದೇ ಒಂದು ದನಿ ಇತ್ತು, ರೈಲು ನಿಲ್ದಾಣದಲ್ಲಿ ಗಾಡಿ ತಡವಾಗಿದೆ ಎನ್ನುವಾಕೆಯ ಹಾಗೆ. ಅದು ‘ಹಸಿವು’ ಎಂದ ಕೂಡಲೇ ಗಿಣಿ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು. ಆಗ ನಾನೇ ಒಂದೊಂದು ಗುಂಡಿಗೂ ಮಾತು ಹೇಳಿ ತುಂಬಿಸಿದೆ. ಕೆಲಸದ ನಡುವೆ ಪುರುಸೊತ್ತು ಸಿಕ್ಕಾಗ ಹೇಳಿದ್ದು, ಹಾಗಾಗಿ ‘ನೀರು’ ಎನ್ನುವುದರ ಹಿಂದೆ ನಲ್ಲಿ ಸುರಿಯುತ್ತದೆ, ‘ಬೇಡ’ ಎನ್ನುವುದರ ಹಿಂದೆ ಬಟ್ಟೆಯ ಮಷೀನು ಗಿರಗಿರ ತಿರುಗುತ್ತದೆ. ನಾಲ್ಕು ವರ್ಷದಲ್ಲಿ ಆರುನೂರ ನಲವತ್ತು ಮಾತುಗಳಾದವು. ತಮ್ಮನೂ ಒಂದೆರಡು ಹೇಳಿದ. ಅವನ ‘ಬಿಡೋ ಬುರುಡೆ’ಯನ್ನು ಗಿಣಿ ಹೆಚ್ಚಾಗಿ ಬಳಸುವುದು ಅವನ ಮೇಲೆಯೇ.

ತಿಂಗಳಿಗೊಮ್ಮೆ ಪರದೆಯ ಮೇಲೆ ಒಂದು ಚೀಟಿ ಬರುತ್ತಿತ್ತು: ‘ಹೊಸ ಆವೃತ್ತಿ ಬಂದಿದೆ, ಹಾಕಲೇ?’ ನಾನು ಪ್ರತಿ ಸಲವೂ ‘ಆಮೇಲೆ’ ಒತ್ತುತ್ತಿದ್ದೆ. ಕದ ತಟ್ಟಿದವರಿಗೆಲ್ಲ ಕದ ತೆಗೆಯುವ ಹೆಂಗಸಲ್ಲ ನಾನು. ಅದೂ ಒಳಗೆ ಮಗಳ ಮಾತಿರುವಾಗ.

ಈ ವರ್ಷ ಆ ಟ್ಯಾಬ್‌ಗೆ ಮುಪ್ಪು ಬಂತು. ಪರದೆಯ ಕೆಳಗಿನ ಪಟ್ಟಿ ಮರಗಟ್ಟಿ, ಎಷ್ಟು ಒತ್ತಿದರೂ ತುಟಿ ಬಿಚ್ಚದು. ಕೆಳಗಿನ ಸಾಲಿನಲ್ಲಿದ್ದದ್ದು ‘ಗೊತ್ತಿಲ್ಲ’, ‘ಇನ್ನೊಂದು ಸಲ ಹೇಳಿ’, ‘ನಾನು ಹೇಳಿದ್ದು ಅದಲ್ಲ’. ಈ ಮೂರು ಇಲ್ಲದ ಮನುಷ್ಯರನ್ನು ಯೋಚಿಸಿ ನೋಡಿ. ಯಾರು ಏನು ಕೇಳಿದರೂ ಬೆಪ್ಪಾಗಿ ಕೂರಬೇಕು.

ಅದೇ ಹೊತ್ತಿಗೆ ಸ್ಕೂಲಿಗೆ ಹೊಸ ಹೆಡ್ ಮೇಡಂ ಬಂದರು. ಗಿಣಿ ಎರಡು ವರ್ಷದಿಂದ ಹಿಂದಿನ ಕೋಣೆಯಲ್ಲಿ ಐದು ವರ್ಷದ ಮಕ್ಕಳ ಜೊತೆ ಮಣಿ ಪೋಣಿಸುತ್ತ ಕೂತಿದ್ದಳು. ಅವಳನ್ನು ಅವಳ ವಯಸ್ಸಿನವರ ಜೊತೆ ನಾಲ್ಕನೇ ಕ್ಲಾಸಿಗೆ ಹಾಕಿ ಎಂದು ನಾನು ಅರ್ಜಿ ಕೊಟ್ಟಿದ್ದೆ. ಮೇಡಂ ಓದಿ, ‘ಮುಂದಿನ ಗುರುವಾರ ಕರ್ಕೊಂಡ್ ಬನ್ನಿ. ಅರ್ಧ ಗಂಟೆ ನಾನೇ ಮಾತಾಡ್ತೀನಿ. ಮಾತಿಗೆ ಮಾತು ಕೊಟ್ರೆ ನಾಲ್ಕನೇ ಕ್ಲಾಸು. ಇಲ್ಲಾಂದ್ರೆ ಈ ವರ್ಷ ಮತ್ತೆ ಕೇಳಬೇಡಿ’ ಎಂದರು.

ಗಿಣಿಯ ಅಪ್ಪ ಬೇಕರಿಯಲ್ಲಿ ಎರಡೆರಡು ಪಾಳಿ ದುಡಿದು ಹೊಸ ಟ್ಯಾಬ್ ತಂದರು. ಹಳೆಯದರಲ್ಲಿರುವ ಮಾತನ್ನು ಹೊಸದಕ್ಕೆ ಸಾಗಿಸುವುದಷ್ಟೇ ಬಾಕಿ. ಸಾಮಾನು ಸಾಗಿಸಿದ ಹಾಗೆ ಎಂದುಕೊಂಡಿದ್ದೆ.

ಶುಕ್ರವಾರ ಗಿಣಿಗೆ ಮಾತಿನ ಅಭ್ಯಾಸ ಮಾಡಿಸುವ ಟೀಚರ್ ಹತ್ತಿರ ಹೋದಾಗ ಅವರ ಮೇಜಿನ ಮೇಲೆ ಒಂದು ಕರಪತ್ರ ಕಂಡಿತು. ಮಾತಾಡುವ ಹಲಗೆ, ಪೆಟ್ಟಿಗೆಯಲ್ಲಿ: ಟ್ಯಾಬ್‌ಗೆ ಹಾಕುವ ಕಾರ್ಡು, ಪುಸ್ತಕ, ಒಂದು ವರ್ಷ ಫೋನಿನಲ್ಲಿ ಸಹಾಯ. ಬೆಲೆ ಹೊಸ ಟ್ಯಾಬ್‌ನ ಕಾಲು ಭಾಗ. ಮೂಲೆಯಲ್ಲಿ ‘ಸಾಕು’ ಎನ್ನುವುದಕ್ಕೆ ಎತ್ತಿದ ಕೈಯ ಚಿತ್ರವಿತ್ತು. ನೋಡಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಆ ಕೈಗೆ ಆರು ಬೆರಳು. ನಮ್ಮ ಪುಕ್ಕಟೆ ಪ್ರೋಗ್ರಾಂನಲ್ಲೂ ‘ಸಾಕು’ ಎನ್ನುವ ಕೈಗೆ ಆರೇ ಬೆರಳು. ಬರೆದವರು ಎಣಿಸುವುದು ಮರೆತಿದ್ದಾರೆ ಎಂದು ನಾನೂ ಗಿಣಿಯೂ ಎಷ್ಟೋ ಸಲ ನಕ್ಕಿದ್ದೆವು.

‘ಟೀಚರ್, ಇದನ್ನ ಯಾರು ಇಟ್ರು?’

‘ಒಬ್ರು ಬಂದು ಇಟ್ಟು ಹೋದ್ರು. ಕೆಲವರು ತಗೋತಾರೆ.’

ನಿಮಗೇನಾದರೂ ಕೊಡುತ್ತಾರಾ ಎಂದು ಕೇಳಲಿಲ್ಲ. ಆದರೆ ಮೇಜಿನ ಮೇಲೆ ಹೊಸ ಪೆನ್ನು, ಗಡಿಯಾರ, ಹೂದಾನಿ ಏನಾದರೂ ಇದೆಯೇ ಎಂದು ಒಂದು ಸುತ್ತು ಕಣ್ಣಾಡಿಸಿದ್ದು ನಿಜ.

ತಮ್ಮ ಕರಪತ್ರ ನೋಡಿ ಎಗರಾಡಿದ. ‘ಹಗಲು ದರೋಡೆ! ಯಾರೋ ಪುಕ್ಕಟೆ ಬಿಟ್ಟಿದ್ದನ್ನ ಡಬ್ಬಿಗೆ ಹಾಕಿ ಟೋಪಿ ಹಾಕ್ತಿದಾರೆ. ನಾಳೆ ನಾನು ಬಂದು ಹಾಕಿ ಕೊಡ್ತೀನಿ. ಹತ್ತು ನಿಮಿಷದ ಕೆಲಸ.’

ಶನಿವಾರ ಬಂದ. ಮೊದಲು ಕಣ್ಣಿಗೆ ಬಿದ್ದ ಪುಟದಲ್ಲಿ ಅಂಗೈಯಗಲದ ಹಸಿರು ಗುಂಡಿ ಇತ್ತು, ಒತ್ತಿದ. ಹತ್ತೇ ನಿಮಿಷದಲ್ಲಿ ಹಲಗೆ ಬಂದು ಕೂತಿತು. ಗಿಣಿ ಪರೀಕ್ಷೆಗೆಂದು ‘ಹಾಲು’ ಒತ್ತಿದಳು. ಹಾಲು ಎಂದಿತು. ಅದರ ಬೆನ್ನಿಗೇ ಪರದೆಯ ತುಂಬ ಒಬ್ಬ ಗಡ್ಡದವನು ಪ್ರತ್ಯಕ್ಷನಾಗಿ, ಬೋಳು ತಲೆಗೆ ಮೂರು ವಾರದಲ್ಲಿ ಕೂದಲು ಬರಿಸುತ್ತೇನೆ ಎಂದ. ‘ಅಮ್ಮ’ ಒತ್ತಿದಳು, ಮತ್ತೆ ಅವನೇ.

‘ಇದ್ಯಾರೋ ಪುಣ್ಯಾತ್ಮ?’ ಎಂದೆ.

ತಮ್ಮನ ಮುಖ ಸಪ್ಪಗಾಯಿತು. ‘ಇದು ಅಸಲಿ ಜಾಗ ಅಲ್ಲಕ್ಕ. ಯಾರೋ ಅಸಲಿದನ್ನೇ ಎತ್ಕೊಂಡು, ಒಳಗೆ ಜಾಹೀರಾತು ತುರುಕಿ ಬಿಟ್ಟಿದಾರೆ.’

‘ಅಂದ್ರೆ ಇವನೂ ಡಬ್ಬಿಗೆ ಹಾಕಿದಾನೆ. ಬೆಲೆ ಮಾತ್ರ ಹೊರಗೆ ಬರೆದಿಲ್ಲ.’

ಅವನು ಎಲ್ಲ ಅಳಿಸಿ, ಅಸಲಿ ಜಾಗ ಹುಡುಕಿ, ಅಲ್ಲಿಂದ ಇಳಿಸಿಕೊಂಡ. ಅದು ಸ್ವಚ್ಛವಾಗಿತ್ತು, ಗಡ್ಡದವನಿರಲಿಲ್ಲ. ಆದರೆ ಹಳೇ ಟ್ಯಾಬ್‌ನಿಂದ ನಮ್ಮ ಆರುನೂರ ನಲವತ್ತು ಮಾತಿನ ಗಂಟು ತಂದು ಬಿಚ್ಚಲು ಹೋದಾಗ, ಈ ಗಂಟು ಬಹಳ ಹಳೆಯದು, ಬಿಚ್ಚಲಾಗದು ಎಂದು ಉತ್ತರ ಬಂತು. ಭಾನುವಾರವೆಲ್ಲ ಅವನು ಒದ್ದಾಡಿದ. ಪ್ರೋಗ್ರಾಂ ಬಳಸುವವರದೊಂದು ಗುಂಪಿನಲ್ಲಿ ಪ್ರಶ್ನೆ ಹಾಕಿದ. ಸೋಮವಾರ ಉತ್ತರ ಬಂತು, ಪಾಪ ಒಳ್ಳೆಯ ಮಾತಿನಲ್ಲೇ: ನಾಲ್ಕು ವರ್ಷ ಹೊಸ ಆವೃತ್ತಿ ಹಾಕದೇ ಇರಬಾರದಿತ್ತು, ಈಗ ಮೊದಲು ನಡುವಿನ ಒಂದು ಆವೃತ್ತಿಯಲ್ಲಿ ಬಿಚ್ಚಿ ಕಟ್ಟಿ, ಅದನ್ನು ಇನ್ನೊಂದರಲ್ಲಿ ಬಿಚ್ಚಿ ಕಟ್ಟಿ, ಆಮೇಲೆ ಹೊಸದಕ್ಕೆ ತರಬೇಕು. ಆ ನಡುವಿನವು ಹಳೇ ಕಡತಗಳಲ್ಲಿ ಎಲ್ಲೋ ಇರಬೇಕು, ಹುಡುಕಿ.

ನಾನು ನಾಲ್ಕು ವರ್ಷ ಒತ್ತಿದ ‘ಆಮೇಲೆ’ಗಳೆಲ್ಲ ಒಟ್ಟಾಗಿ ಬಂದು ಎದುರು ನಿಂತಿದ್ದವು. ತಮ್ಮ ಹುಡುಕಲು ಹೊರಟ, ಮತ್ತೆಲ್ಲೋ ಒಂದು ಹಸಿರು ಗುಂಡಿ ಕಂಡಿತು. ನಾನು ಟ್ಯಾಬ್ ಕಿತ್ತುಕೊಂಡೆ. ‘ನನ್ನ ಮಗಳ ಬಾಯಲ್ಲಿ ಇನ್ನೊಬ್ಬ ಗಡ್ಡದವನನ್ನ ಕೂರಿಸಬೇಡ.’

ಮಂಗಳವಾರ ಗಿಣಿಯನ್ನು ಸ್ಕೂಲಿಗೆ ಬಿಟ್ಟು, ಎರಡು ಟ್ಯಾಬ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಕರಪತ್ರದ ವಿಳಾಸಕ್ಕೆ ಹೋದೆ. ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಒಂದೇ ಕೋಣೆ. ಕೆಳಗೆ ಅರ ಉಜ್ಜುವ ಸದ್ದು. ಮೇಜಿನ ಹಿಂದೆ ನನ್ನದೇ ವಯಸ್ಸಿನ ಹೆಂಗಸು ಪುಸ್ತಕಗಳಿಗೆ ಪಿನ್ನು ಹೊಡೆಯುತ್ತ ಕೂತಿದ್ದಳು. ಗೋಡೆಯ ಹಲಗೆಯ ಮೇಲೆ ತಗಡಿನ ಡಬ್ಬಿಗಳು, ಒಂದೊಂದರ ಮೇಲೂ ಅಂಕಿ.

ಸುತ್ತಿ ಬಳಸದೆ ಕೇಳಿದೆ. ‘ಇದು ಪುಕ್ಕಟೆ ಸಿಗೋ ಪ್ರೋಗ್ರಾಂ ಅಲ್ವಾ?’

‘ಹೌದು.’

‘ಅದನ್ನೇ ಮಾರ್ತಿದೀರಾ?’

‘ಹೌದು. ಮಾರಬಹುದು ಅಂತ ಬರೆದವರೇ ಹೇಳಿದಾರೆ. ಈ ಪುಸ್ತಕದ ಮೂರನೇ ಪುಟದಲ್ಲಿದೆ ನೋಡಿ.’

‘ನಿಮ್ಮತ್ರ ಕೊಂಡು ನಾನು ಇನ್ನೊಬ್ಬರಿಗೆ ಪುಕ್ಕಟೆ ಕೊಟ್ರೆ?’

‘ಕೊಡಿ. ಅದೂ ಮೂರನೇ ಪುಟದಲ್ಲೇ ಇದೆ.’

ಇಲ್ಲ ಎಂದಿದ್ದರೆ ಹಿಡಿದು ಹಾಕಬಹುದಿತ್ತು. ಎಲ್ಲಕ್ಕೂ ಹೌದು ಎನ್ನುವವರನ್ನು ಏನು ಮಾಡುವುದು? ನನ್ನ ಅನುಮಾನ ಒಂದು ಮೆಟ್ಟಿಲು ಮೇಲೆ ಹತ್ತಿತು.

ಗುರುವಾರದ ವಿಷಯ, ಬಿಚ್ಚದ ಗಂಟಿನ ವಿಷಯ ಹೇಳಿದೆ. ಅವಳು ಹಳೇ ಟ್ಯಾಬ್ ತಿರುಗಿಸಿ ನೋಡಿ, ಎದ್ದು, ತಗಡಿನ ಡಬ್ಬಿಗಳಲ್ಲಿ ಎರಡನ್ನು ಇಳಿಸಿದಳು. ‘ಎರಡು ಹಂತ ಬೇಕು. ಎರಡೂ ಇದೆ. ಬಂದ ಆವೃತ್ತಿಯೆಲ್ಲ ಎತ್ತಿಟ್ಟಿದೀನಿ. ಇಟ್ಟು ಹೋಗಿ, ಸಂಜೆ ಕೊಡ್ತೀನಿ.’

‘ಇಟ್ಟು ಹೋಗಲ್ಲ.’

‘ಹಾಗಾದ್ರೆ ಕೂತ್ಕೊಳಿ.’

ಕುರ್ಚಿಯನ್ನು ಅವಳ ಕೈ ಕಾಣುವ ಹಾಗೆ ಎಳೆದುಕೊಂಡು ಕೂತೆ. ಮಾತಿನ ಗಂಟು ಮೊದಲು ಅವಳ ಕಂಪ್ಯೂಟರಿಗೆ ಹೋಯಿತು.

‘ಅದು ನಿಮ್ಮಲ್ಲಿ ಉಳಿಯುತ್ತಾ?’

‘ಕೆಲಸ ಆದ ಮೇಲೆ ಅಳಿಸ್ತೀನಿ.’

‘ಅಳಿಸಿದ್ದು ಎಲ್ಲಿಗೆ ಹೋಗುತ್ತೆ?’

‘ಕಸದ ಬುಟ್ಟಿಗೆ.’

‘ಬುಟ್ಟಿನೂ ಖಾಲಿ ಮಾಡಿ.’

‘ಮಾಡ್ತೀನಿ. ನೀವೇ ಒತ್ತಿ ಬೇಕಾದ್ರೆ.’

ಕೆಲಸ ಆದ ಮೇಲೆ ಒತ್ತಿದ್ದೂ ನಾನೇ. ಅವಳಿಗೆ ಕೋಪ ಬರಲಿಲ್ಲ, ಅದಕ್ಕೂ ನನಗೆ ರೇಗಿತು. ಇನ್ನೇನು ತನ್ನ ಮನೆಯ ಕಥೆ ತೆಗೆಯುತ್ತಾಳೆ ಎಂದು ಕಾದೆ. ನನಗೂ ಇಂಥದೇ ಮಗುವಿದೆ, ಅದಕ್ಕೇ ಈ ಕೆಲಸಕ್ಕೆ ಬಂದೆ ಎಂದು ಕಣ್ಣೊರೆಸಿಕೊಳ್ಳುವ ಮಾರಾಟಗಾರರನ್ನು ನಾನು ಎಷ್ಟು ನೋಡಿಲ್ಲ! ತಡೆಯಲಾರದೆ ನಾನೇ ಕೇಳಿದೆ.

‘ನಿಮ್ಮ ಮನೇಲೂ ಇಂಥ ಮಗು ಇದೆಯಾ?’

‘ಇಲ್ಲ. ನಾನು ಮೊದಲು ಪ್ರಿಂಟರ್ ರಿಪೇರಿ ಮಾಡ್ತಿದ್ದೆ. ಅದರಲ್ಲಿ ಕೈ ಮಸಿಯಾಗುತ್ತೆ.’

ಮಧ್ಯಾಹ್ನದ ಹೊತ್ತಿಗೆ ನನ್ನ ದನಿ ಹೊಸ ಟ್ಯಾಬ್‌ನಿಂದ ‘ನೀರು’ ಎಂದಿತು. ಅದರ ಹಿಂದೆ ನಮ್ಮ ಮನೆಯ ನಲ್ಲಿ ಸುರಿಯಿತು. ಅವಳು ಕೈಯಲ್ಲೇ ಬಿಲ್ಲು ಬರೆದಳು. ಪ್ರೋಗ್ರಾಂ: ಏನೂ ಇಲ್ಲ. ಕಾರ್ಡು, ಪುಸ್ತಕ, ಒಂದು ವರ್ಷ ಫೋನು: ಇಷ್ಟು. ಆ ‘ಏನೂ ಇಲ್ಲ’ ಎನ್ನುವುದನ್ನು ಎರಡು ಸಲ ಓದಿ ದುಡ್ಡು ಕೊಟ್ಟೆ.

ಸಂಜೆ ತಮ್ಮ ಬಂದು ಬಿಲ್ಲು ಹಿಡಿದುಕೊಂಡು ಮನೆಯೆಲ್ಲ ಓಡಾಡಿದ. ‘ಕಾಲು ಭಾಗ! ಪಿನ್ನು ಹೊಡೆದ ನಲವತ್ತು ಹಾಳೆಗೆ! ಇನ್ನೆರಡು ದಿನ ಬಿಟ್ಟಿದ್ರೆ ನಾನೇ ಹುಡುಕ್ತಿದ್ದೆ.’ ಗಿಣಿ ಹಳೇ ಟ್ಯಾಬ್ ಬಿಡದೆ ತೊಡೆಯ ಮೇಲಿಟ್ಟುಕೊಂಡಿದ್ದವಳು, ತಲೆ ಎತ್ತದೆ ‘ಬಿಡೋ ಬುರುಡೆ’ ಒತ್ತಿದಳು. ತನ್ನ ದನಿಯಲ್ಲಿ ತಾನೇ ಬೈಸಿಕೊಂಡು ಅವನು ಕೂತ. ನಾನೂ ಅವನೂ ಸೇರಿ ಹೊಸದರಲ್ಲಿ ಒಂದೊಂದೇ ಮಾತು ಒತ್ತಿ, ಪಟ್ಟಿಗೆ ಗೀಟು ಹಾಕುತ್ತ ಹೋದೆವು. ಆರುನೂರ ನಲವತ್ತೂ ಇದ್ದವು. ಒಂದೂ ಕಳೆದಿರಲಿಲ್ಲ. ತಮ್ಮನಿಗೆ ಬೇಜಾರಾಯಿತೋ ಏನೋ.

ಬುಧವಾರ ಸ್ಕೂಲಿನಿಂದ ಬಂದ ಮೇಲೆ ಹಳೆಯದನ್ನು ಮೆಲ್ಲಗೆ ತೆಗೆದುಕೊಂಡು ಹೊಸದನ್ನು ಅವಳ ಕೈಗಿಟ್ಟೆ. ಗಿಣಿ ಒತ್ತುವಾಗ ನೋಡುವುದಿಲ್ಲ. ನಾನು ಈರುಳ್ಳಿ ಹೆಚ್ಚುವಾಗ ಹೇಗೆ ನೋಡುವುದಿಲ್ಲವೋ ಹಾಗೆ. ಕಿಟಕಿಯ ಹೊರಗೆ ನೋಡುತ್ತ ಬೆರಳಿಟ್ಟಳು.

‘ಅಜ್ಜಿ’ ಎಂದಿತು ನನ್ನ ದನಿ.

‘ಅಜ್ಜಿ ಚಿಕ್ಕಮ್ಮನ ಮನೆಗೆ ಹೋಗಿದಾಳಲ್ಲ ಪುಟ್ಟಿ’ ಎಂದೆ, ಪಾತ್ರೆ ತೊಳೆಯುತ್ತ.

ಮತ್ತೆ ಒತ್ತಿದಳು. ‘ಅಜ್ಜಿ.’ ಬೇರೆ ಕಡೆ ಒತ್ತಿದಳು. ‘ಚಪ್ಪಲಿ.’ ಇನ್ನೊಂದು. ‘ಹೋಗು.’ ಅವಳು ನನ್ನನ್ನು ನೋಡಿದಳು. ನೀರು ಕೇಳುತ್ತಿದ್ದಾಳೆ ಎಂದು ಆಗ ಹೊಳೆಯಿತು. ಲೋಟ ಹಿಡಿದು ಓಡುವಷ್ಟರಲ್ಲಿ ಟ್ಯಾಬನ್ನು ಮೇಜಿನ ಆ ತುದಿಗೆ ತಳ್ಳಿ, ಎರಡು ಅಂಗೈಯನ್ನೂ ತೊಡೆಯ ಕೆಳಗೆ ಇಟ್ಟು ಕೂತುಬಿಟ್ಟಿದ್ದಳು. ಅವಳು ಬಾಯಿ ಮುಚ್ಚಿಕೊಳ್ಳುವುದು ಹಾಗೆ.

ಎರಡು ಟ್ಯಾಬ್‌ಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರಲ್ಲಿ ‘ಬೇಕು’ ಮತ್ತು ‘ಬೇಡ’ದ ನಡುವೆ ನಾನು ಒಂದು ಗುಂಡಿಯ ಜಾಗ ಖಾಲಿ ಬಿಟ್ಟಿದ್ದೆ, ಬೆರಳು ಜಾರಿ ಒಂದರ ಬದಲು ಇನ್ನೊಂದಾಗದಿರಲಿ ಎಂದು. ‘ಅಪ್ಪ’, ‘ಅಮ್ಮ’ ಆದ ಮೇಲೆ ಒಂದು ಖಾಲಿ, ‘ನೋವು’ ಎನ್ನುವುದರ ಸುತ್ತ ಖಾಲಿ. ನಾಲ್ಕು ವರ್ಷದಲ್ಲಿ ಹೀಗೆ ಎಷ್ಟೋ. ಹೊಸದು ಬರುವ ದಾರಿಯಲ್ಲಿ ಆ ಖಾಲಿಗಳನ್ನೆಲ್ಲ ನುಂಗಿ, ಬಸ್ಸಿನಲ್ಲಿ ಎಲ್ಲರೂ ಒಂದೊಂದು ಸೀಟು ಮುಂದೆ ಸರಿದ ಹಾಗೆ ಮಾತುಗಳನ್ನು ಮುಂದೆ ತಳ್ಳಿತ್ತು. ನಾನೂ ತಮ್ಮನೂ ಆರುನೂರ ನಲವತ್ತು ಮಾತು ಎಣಿಸಿದ್ದೆವು. ಖಾಲಿ ಜಾಗ ಎಣಿಸುವುದು ಯಾರಿಗೂ ಹೊಳೆದಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. ಯಾವುದೋ ಕಟ್ಟಡದಲ್ಲಿ ಲಿಫ್ಟಿನ ಕೆಳಗಿನ ಹಳ್ಳದಲ್ಲಿದ್ದ, ದನಿ ಬಾವಿಯಿಂದ ಬಂದಂತೆ ಬಂತು.

‘ಶನಿವಾರ ಬಂದು ನೋಡ್ತೀನಕ್ಕ.’

‘ಗುರುವಾರ ನಾಳೆ ಕಣೋ!’

‘ಗುಂಪಲ್ಲಿ ಹಾಕ್ತೀನಿ, ಯಾರಾದ್ರೂ ಹೇಳ್ತಾರೆ.’

‘ಯಾವಾಗ?’

‘ಅದು ಅವರ ಪುರುಸೊತ್ತು. ಪುಕ್ಕಟೆ ಮಾಡೋರನ್ನ ಗದರಿಸೋಕಾಗುತ್ತಾ?’

ಪುಸ್ತಕದ ಹಿಂಬದಿಯ ನಂಬರಿಗೆ ಮಾಡಿದೆ. ದುಡ್ಡು ಕೈಗೆ ಬಂದ ಮೇಲೆ ಯಾರೂ ಎತ್ತುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಎತ್ತದಿದ್ದರೆ ನಾಳೆ ಹೋಗಿ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ನಾಲ್ಕನೇ ರಿಂಗಿಗೆ ಎತ್ತಿದಳು. ಹಿಂದೆ ಅರ ಉಜ್ಜುವ ಸದ್ದು.

ಎಲ್ಲ ಹೇಳಿದೆ.

‘ಖಾಲಿ ಜಾಗ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ.’

ಏನು ನೆಪ ಹೇಳಿದರೂ ಉತ್ತರ ಸಿದ್ಧವಿಟ್ಟುಕೊಂಡಿದ್ದೆ. ಇದು ನೆಪವಾಗಿರಲಿಲ್ಲ.

‘ಪುಸ್ತಕದಲ್ಲಿ?’

‘ಪುಸ್ತಕ ಬರೆದೋಳೂ ನಾನೇ ಅಲ್ವಾ? ನನಗೇ ಗೊತ್ತಿಲ್ಲದ್ದು ಅದರಲ್ಲಿ ಎಲ್ಲಿಂದ ಬರಬೇಕು?’

‘ಹಾಗಾದ್ರೆ ನಾನು ದುಡ್ಡು ಕೊಟ್ಟಿದ್ದು ಯಾವುದಕ್ಕೆ?’

‘ಇದಕ್ಕೇ. ಫೋನ್ ಇಡಬೇಡಿ.’

ಅತ್ತ ಕೀಬೋರ್ಡಿನ ಟಕಟಕ ಕೇಳಿಸಿತು. ಒಂದು ಸಲ ‘ಥತ್’ ಎಂದಳು, ಇನ್ನೊಂದು ಸಲ ‘ಊಹೂಂ’. ಹಾಲು ಉಕ್ಕಿತು, ಓಡಿ ಹೋಗಿ ಒಲೆ ಆರಿಸಿ ಬಂದೆ. ಆಮೇಲೆ ಹೇಳಿದಳು: ಚಿತ್ರವಿಲ್ಲದ, ದನಿಯಿಲ್ಲದ ಒಂದು ಮೂಗ ಗುಂಡಿ ಮಾಡಿ. ಅದನ್ನು ಖಾಲಿ ಇದ್ದ ಕಡೆಯಲ್ಲೆಲ್ಲ ತುರುಕಿ. ಹಿಂದಿನವೆಲ್ಲ ತಾವೇ ತಮ್ಮ ಜಾಗಕ್ಕೆ ಸರಿಯುತ್ತವೆ. ‘ಯಾವ ಜಾಗ ಅಂತ ನಿಮಗೇ ಗೊತ್ತು. ನೀವು ಹೇಳ್ತಾ ಹೋಗಿ, ನಾನೂ ಇಲ್ಲಿ ಗುರುತು ಹಾಕ್ಕೊಂಡು ಲೆಕ್ಕ ಹಿಡೀತೀನಿ. ಒಂದು ತಪ್ಪಿದ್ರೂ ಎಲ್ಲ ತಪ್ಪುತ್ತೆ.’

ಗುಂಡಿಗಳದೇ ಹನ್ನೊಂದು ಪುಟ. ನಾನು ಹಳೆಯದನ್ನು ನೋಡಿ ಓದುತ್ತ, ಹೊಸದರಲ್ಲಿ ತುರುಕುತ್ತ ಹೋದೆ. ಮೊದಲ ಪುಟ, ಎರಡನೇ ಸಾಲು, ನಾಲ್ಕನೆಯದು. ಮೊದಲ ಪುಟ, ಮೂರನೇ ಸಾಲು, ಒಂದನೆಯದು. ‘ಆಯ್ತು.’ ‘ಮುಂದೆ.’ ‘ಆಯ್ತು.’ ಮೂರನೇ ಪುಟದಲ್ಲಿ ಪಕ್ಕದಿಂದ ಒಂದು ಪುಟ್ಟ ಕೈ ಬಂತು. ಗಿಣಿ ತೊಡೆಯ ಕೆಳಗಿಂದ ಕೈ ತೆಗೆದು, ನಾನು ಬಿಟ್ಟುಹೋಗಿದ್ದ ಒಂದು ಜಾಗದ ಮೇಲೆ ಬೆರಳಿಟ್ಟಿದ್ದಳು. ನೋಡಿದೆ, ಹೌದು, ಅಲ್ಲೊಂದು ಖಾಲಿ ಇತ್ತು. ಅಲ್ಲಿಂದ ಮುಂದೆ ನಾನು ಹಳೆಯದನ್ನು ನೋಡುವ ಮೊದಲೇ ಅವಳ ಬೆರಳು ಹೋಗಿ ನಿಲ್ಲುತ್ತಿತ್ತು. ಮಾತಿಲ್ಲದ ಜಾಗಗಳೂ ಅವಳಿಗೆ ಬಾಯಿಪಾಠವಾಗಿದ್ದವು. ನಾನು ಬರೀ ಗುಮಾಸ್ತೆಯಾಗಿ ಅವಳು ತೋರಿಸಿದ್ದನ್ನು ಫೋನಿಗೆ ಹೇಳಿದೆ.

ಮೂವತ್ತೊಂದು ಖಾಲಿ. ಒಂದೂವರೆ ಗಂಟೆ. ಕೊನೆಗೆ ಗಿಣಿ ಕಿಟಕಿಯ ಕಡೆ ಮುಖ ತಿರುಗಿಸಿ ಒತ್ತಿದಳು: ‘ನೀರು.’ ನಾನು ಕೊಟ್ಟೆ.

‘ಇದನ್ನ ಮುಂದಿನ ಸಲ ಪುಸ್ತಕದಲ್ಲಿ ಸೇರಿಸ್ತೀನಿ’ ಎಂದಳು ಫೋನಿನಲ್ಲಿ. ‘ಬರೆದವರಿಗೂ ಕಳಿಸ್ತೀನಿ, ಅವರು ಸರಿ ಮಾಡಿ ಎಲ್ಲರಿಗೂ ಬಿಡ್ತಾರೆ.’

‘ಪುಕ್ಕಟೆನಾ?’

‘ಪುಕ್ಕಟೆ.’

‘ಅಂದ್ರೆ ತಪ್ಪು ಕಂಡುಹಿಡಿದಿದ್ದು ನಾವು, ದುಡ್ಡು ಕೊಟ್ಟಿದ್ದೂ ನಾವು.’

‘ಹೌದು ನೋಡಿ’ ಎಂದು ಅವಳು ಮೊದಲ ಸಲ ನಕ್ಕಳು. ದುಡ್ಡು ವಾಪಸ್ ಕೊಡುತ್ತೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಗುರುವಾರ ಬೆಳಗ್ಗೆ ಗಿಣಿಗೆ ಎರಡು ಜಡೆ ಹಾಕಿ, ಟ್ಯಾಬ್‌ಗೆ ಪೂರ್ತಿ ಚಾರ್ಜ್ ತುಂಬಿಸಿ ಕರೆದುಕೊಂಡು ಹೋದೆ. ಹೆಡ್ ಮೇಡಂ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಕಪಾಟಿನ ಮೇಲೆ ಭೂಗೋಳದ ಗುಂಡು. ಮೇಡಂ ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿದರು.

‘ಹಿಂದಿನ ಸ್ಕೂಲಲ್ಲಿ ಒಬ್ಬ ಹುಡುಗನ ಹತ್ರ ಇಂಥದ್ದೇ ಇತ್ತು. ಪಕ್ಕದಲ್ಲಿ ಅವರಪ್ಪ ಕೂರ್ತಿದ್ರು. ಅಪ್ಪ ಮೊಣಕೈ ಮುಟ್ಟಿದಾಗ ಉತ್ತರ ಸರಿ ಬರೋದು, ಮುಟ್ಟದಿದ್ರೆ ಇಲ್ಲ. ಬೇಜಾರು ಮಾಡ್ಕೋಬೇಡಿ. ನೀವು ಹೊರಗೆ ಕೂತ್ಕೊಳಿ.’

‘ಅವಳಿಗೆ ಏನಾದ್ರೂ ಬೇಕಾದ್ರೆ...’

‘ಅದನ್ನ ಅವಳೇ ಕೇಳ್ತಾಳೆ ಅಂತಲ್ವಾ ನೀವು ಹೇಳ್ತಿರೋದು?’

ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ಮುಚ್ಚಿತು. ಮೇಡಂ ಮೆಲುದನಿಯವರು, ಅವರ ಪ್ರಶ್ನೆ ಒಂದೂ ಕೇಳಿಸಲಿಲ್ಲ. ಕೇಳಿಸುತ್ತಿದ್ದದ್ದು ನಾನೇ. ನಾನು ಹೊರಗೆ ಕೂತಿದ್ದೆ, ನನ್ನ ದನಿ ಒಳಗಿತ್ತು, ನನಗೆ ತಿಳಿಯದ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿತ್ತು.

‘ಗೊತ್ತಿಲ್ಲ.’

ಬಹಳ ಹೊತ್ತು ಏನೂ ಇಲ್ಲ.

‘ಇನ್ನೊಂದು ಸಲ ಹೇಳಿ.’

ಮತ್ತೆ ಏನೂ ಇಲ್ಲ. ‘ಗೊತ್ತಿಲ್ಲ.’ ನಾನು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಗಿದೆ. ಮೂಗ ಗುಂಡಿಯೊಂದು ಎಲ್ಲೋ ತಪ್ಪಿತೇ? ನಾವು ಮೂವತ್ತೊಂದೇ ಎಣಿಸಿದೆವೇ? ಎದ್ದು ಬಾಗಿಲು ತಟ್ಟಿದರೆ ಎಲ್ಲ ಮುಗಿಯಿತು. ತಟ್ಟದಿದ್ದರೆ ಹಿಂದಿನ ಕೋಣೆ, ಮತ್ತೊಂದು ವರ್ಷ ಮಣಿ.

‘ನಾನು ಹೇಳಿದ್ದು ಅದಲ್ಲ’ ಎಂದಿತು ಒಳಗಿನ ನನ್ನ ದನಿ. ಅದರ ಹಿಂದೆಯೇ, ಒಂದೊಂದೇ ಗುಂಡಿಯಾಗಿ, ಎಲ್ಲೂ ತಡವರಿಸದೆ: ‘ಅಮ್ಮ. ಹೊರಗೆ. ಯಾಕೆ?’

ಮೇಡಂ ಏನೋ ಹೇಳಿದರು.

‘ಅಮ್ಮ. ಹೇಳಿಕೊಡು. ಇಲ್ಲ. ನಾನು. ಹೇಳು. ನಾನು.’

ಆಮೇಲೆ ಅದು ನಿಲ್ಲಲೇ ಇಲ್ಲ. ನೀಲಿ, ದೊಡ್ಡದು, ನೀರು, ಹಡಗು, ಯಾರು, ಎಲ್ಲಿ. ಭೂಗೋಳದ ಗುಂಡು ತಿರುಗುವ ಸದ್ದು ಬಂತು. ನನ್ನ ದನಿ ಮೇಡಂಗೆ ಪ್ರಶ್ನೆ ಕೇಳುತ್ತಿತ್ತು. ಒಂದು ಸಲ ಮೇಡಂ ದನಿಯೂ ಏರಿತು: ‘ಅದು ನನಗೂ ಗೊತ್ತಿಲ್ಲಮ್ಮ!’

ಅರ್ಧ ಗಂಟೆ ಎಂದವರು ಬಾಗಿಲು ತೆಗೆದಾಗ ಮುಕ್ಕಾಲು ಗಂಟೆಯಾಗಿತ್ತು. ‘ಸೋಮವಾರದಿಂದ ನಾಲ್ಕನೇ ಕ್ಲಾಸಿಗೆ ಕಳಿಸಿ’ ಎಂದರು. ‘ಲೆಕ್ಕದಲ್ಲಿ ಹಿಂದಿದಾಳೆ. ಮಣಿ ಪೋಣಿಸಿದ್ರೆ ಲೆಕ್ಕ ಎಲ್ಲಿ ಬರುತ್ತೆ? ಮೂರು ತಿಂಗಳು ನೋಡ್ತೀನಿ.’

ಬಗ್ಗಿ ಗಿಣಿಯ ಜಡೆ ಸರಿಮಾಡುವ ನೆಪದಲ್ಲಿ ಮುಖ ಮುಚ್ಚಿಕೊಂಡೆ.

‘ಎರಡನೇ ಕ್ಲಾಸಲ್ಲಿ ಇನ್ನೊಂದು ಮಗು ಇದೆ’ ಎಂದರು ಮೇಡಂ. ‘ಅವರಿಗೂ ಹೇಳಬೇಕು. ಇದು ಎಲ್ಲಿ ಸಿಗುತ್ತೆ?’

‘ಪುಕ್ಕಟೆ ಸಿಗುತ್ತೆ ಮೇಡಂ.’

‘ಓ, ಒಳ್ಳೇದಾಯ್ತಲ್ಲ!’

‘ಆದ್ರೆ... ದುಡ್ಡು ಕೊಟ್ಟು ತಗೊಳಿ ಅಂತ ಹೇಳಿ. ಬೀಗದಂಗಡಿ ಮೇಲೆ ಒಬ್ರು ಪೆಟ್ಟಿಗೇಲಿ ಮಾರ್ತಾರೆ.’

ಮೇಡಂ ಹುಬ್ಬು ಮೆಲ್ಲಗೆ ಮೇಲೇರಿತು. ‘ಪುಕ್ಕಟೆ ಸಿಗೋದನ್ನ ದುಡ್ಡು ಕೊಟ್ಟು ಯಾಕೆ ತಗೋಬೇಕು?’

ಬಾಯಿ ತೆರೆದೆ. ಹಸಿರು ಗುಂಡಿ, ಗಡ್ಡದವನು, ತಗಡಿನ ಡಬ್ಬಿ, ಒಂದೂವರೆ ಗಂಟೆಯ ಫೋನು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಯಾವುದರಿಂದ ಶುರು ಮಾಡಿದರೂ ಮಾರುವವಳ ಮಾತಿನ ಹಾಗೇ ಕೇಳುತ್ತಿತ್ತು.

‘ಫೋನ್ ಮಾಡಿದ್ರೆ ಎತ್ತುತ್ತಾರೆ’ ಎಂದಷ್ಟೇ ಹೇಳಿದೆ. ‘ಈಗಿನ ಮಟ್ಟಿಗೆ. ಮುಂದಿನ ವರ್ಷದ್ದು ನನಗೂ ಗೊತ್ತಿಲ್ಲ.’

‘ಇದರಲ್ಲಿ ನಿಮಗೇನಾದ್ರೂ ಕಮಿಷನ್ ಇದೆಯಾ?’

‘ಇಲ್ಲ ಮೇಡಂ.’

ಅವರು ಡೈರಿಯಲ್ಲಿ ನಂಬರು ಬರೆದುಕೊಂಡು, ಅದರ ಮುಂದೆ ದೊಡ್ಡದಾಗಿ ಒಂದು ಪ್ರಶ್ನೆಯ ಗುರುತು ಹಾಕಿದರು. ನನಗೇನೂ ಬೇಜಾರಾಗಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಎರಡು ಹಾಕುತ್ತಿದ್ದೆ.